ಕೂಲಿ ಶುರುವಾಗುವುದು ಎಲ್ಲಿಂದ?



ಕೊಳ್ಳೇಗಾಲದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದವರು ಈ ನೋಟ ಕಂಡಿರುತ್ತೀರಿ. ತಟ್ಟೆಯಲ್ಲಿ ಗೂಡು ಸುರಿದಿರುತ್ತದೆ. ನೂಲು ತೆಗೆಸುವ ರೀಲರುಗಳು ಬಂದು ಕೈಯಾಡಿಸುತ್ತಾರೆ, ಒಂದು ಹಿಡಿ ಎತ್ತಿ ನೋಡುತ್ತಾರೆ, ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳ ಕಟಕಟ ಅಂದರೆ ಸರಿ. ಡಾಗು ಕಂಡರೆ, ಜೋಡಿ ಗೂಡು ಹೆಚ್ಚಿದ್ದರೆ ಮುಖ ಸಿಂಡರಿಸಿ ದರ ಇಳಿಸುತ್ತಾರೆ. ಹರಾಜು ಮುಗಿದು, ತೂಕವಾಗಿ, ಚೀಟಿ ಕೈಗೆ ಬರುತ್ತದೆ. ಅದರಲ್ಲಿ ಬೆಳೆಗಾರನ ಹೆಸರು, ಇಷ್ಟು ಕಿಲೋ, ಇಷ್ಟು ದರ, ಒಟ್ಟು ಇಷ್ಟು ರೂಪಾಯಿ. ತಿಂಗಳ ಹತ್ತಿರ ಹತ್ತಿರ ಆ ಹುಳಗಳಿಗೆ ರಾತ್ರಿ ಹಗಲು ಸೊಪ್ಪು ಹಾಕಿದ ಕೈ ಯಾರದು ಎಂಬುದಕ್ಕೆ ಚೀಟಿಯಲ್ಲಿ ಕಾಲಂ ಇಲ್ಲ.

ಬಂಡವಾಳಶಾಹಿಯ ಕೆಳಗಿನ ದುಡಿಮೆಯ ಸಿದ್ಧಾಂತಗಳನ್ನು ಸ್ತ್ರೀವಾದಿಗಳು ಹೇಗೆ ನೋಡಿದರು ಎನ್ನುವುದು ಈ ಹೊತ್ತಿನ ವಿಷಯ. ಹೆಸರು ಕೇಳಿ ಯಾರೂ ರೇಡಿಯೊ ಆರಿಸಬೇಡಿ. ಕೊಳ್ಳೇಗಾಲ, ಹನೂರು, ಯಳಂದೂರಿನ ಹುಳಮನೆಗಳಲ್ಲಿ ದಿನಾ ನಡೆಯುವ ಸಂಗತಿಯೇ ಇದು. ಪುಸ್ತಕದವರು ಇಟ್ಟ ಹೆಸರು ಸ್ವಲ್ಪ ಉದ್ದವಾಯಿತು, ಅಷ್ಟೆ.

ರೇಷ್ಮೆ ಈ ಸೀಮೆಗೆ ಹೊಸದಲ್ಲ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಳ್ಳೇಗಾಲ ಮದರಾಸಿನ ಆಡಳಿತದಲ್ಲಿ, ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ಸರ್ಕಾರದ ಪಾಲಿಗೆ ರೇಷ್ಮೆ ಹುಳ ಸಾಕುವ ತಾಲ್ಲೂಕು ಎಂದರೆ ಮುಖ್ಯವಾಗಿ ಇದೇ. ಹನೂರು ಕಡೆ ಹಿಪ್ಪುನೇರಳೆ ತೋಟ. ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲಿ, ಕೊಳ್ಳೇಗಾಲದಲ್ಲಿ, ಪಕ್ಕದ ಸಂತೇಮರಹಳ್ಳಿಯಲ್ಲಿ ಗೂಡಿನಿಂದ ನೂಲು ತೆಗೆಯುವ ಸರ್ಕಾರಿ ಫಿಲೇಚರುಗಳು. ಕೊಳ್ಳೇಗಾಲದ ದೇವಾಂಗರ ಮಗ್ಗಗಳಲ್ಲಿ ಜರಿಯಂಚಿನ ಸೀರೆ. ಮೊಟ್ಟೆಯಿಂದ ಸೀರೆಯವರೆಗಿನ ಇಡೀ ಸರಪಳಿ ಒಂದೇ ದಿನ ಬಸ್ಸಿನಲ್ಲಿ ಸುತ್ತಿ ಬರುವಷ್ಟು ಹತ್ತಿರದಲ್ಲಿದೆ. ದುಡಿಮೆ ಯಾವ ಹಂತದಲ್ಲಿ ಕೂಲಿ ಅನ್ನಿಸಿಕೊಳ್ಳುತ್ತದೆ, ಯಾವ ಹಂತದಲ್ಲಿ ಬರೀ ಮನೆಗೆಲಸವಾಗಿ ಉಳಿಯುತ್ತದೆ ಎಂದು ನೋಡಬೇಕಾದರೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಕಾರ್ಲ್ ಮಾರ್ಕ್ಸ್ ‘ಬಂಡವಾಳ’ದ ಮೊದಲ ಸಂಪುಟ ತಂದದ್ದು 1867ರಲ್ಲಿ. ಕೂಲಿಯವನು ಮಾರುವುದು ತನ್ನ ದುಡಿಯುವ ಶಕ್ತಿಯನ್ನು ಎಂದರು. ಅವನನ್ನೂ ಅವನ ಸಂಸಾರವನ್ನೂ ನಾಳೆಗೆ ಉಳಿಸಿಕೊಳ್ಳಲು ಬೇಕಾದ ಅನ್ನ, ಬಟ್ಟೆ, ಸೂರಿಗೆ ಎಷ್ಟಾಗುತ್ತದೋ ಅದೇ ಆ ಶಕ್ತಿಯ ಬೆಲೆ. ಸರಿಯಾದ ಮಾತೇ. ಆದರೆ ತಂದಿಟ್ಟ ರಾಗಿ ತಾನಾಗಿ ಮುದ್ದೆಯಾಗುವುದಿಲ್ಲವಲ್ಲ! ಬೀಸಬೇಕು, ಎಸರಿಡಬೇಕು, ತೊಳಸಬೇಕು, ಬಡಿಸಬೇಕು, ಉಂಡವನ ತಟ್ಟೆ ತೊಳೆಯಬೇಕು. ಮಾರ್ಕ್ಸ್ ಈ ಅಡುಗೆಮನೆಯ ಬಾಗಿಲ ತನಕ ಬಂದರು. ಕೂಲಿಯವನ ಬದುಕು ಮುಂದುವರಿಯುವ ಚಿಂತೆಯನ್ನು ಬಂಡವಾಳಗಾರ ಅವನ ಸಹಜ ಪ್ರವೃತ್ತಿಗೇ ಬಿಟ್ಟುಬಿಡಬಹುದು ಎಂಬರ್ಥದ ಒಂದು ಮಾತು ಬರೆದು, ಒಳಗೆ ಕಾಲಿಡದೆ ಮುಂದಕ್ಕೆ ನಡೆದರು. ಒಳಗೆ ಹೊಕ್ಕವರು ನೂರು ವರ್ಷದ ನಂತರದ ಹೆಂಗಸರು. 1969ರಲ್ಲಿ ಕೆನಡಾದಲ್ಲಿದ್ದ ಮಾರ್ಗರೆಟ್ ಬೆನ್‌ಸ್ಟನ್ ಎಂಬ ರಸಾಯನಶಾಸ್ತ್ರದ ಅಧ್ಯಾಪಕಿ, ಮನೆಗೆಲಸವೂ ಉತ್ಪಾದನೆಯೇ, ಪೇಟೆಗೆ ಹೋಗದ ಕಾರಣ ಅದಕ್ಕೆ ಬೆಲೆಯಿಲ್ಲದಂತಾಗಿದೆ ಎಂದು ವಾದಿಸಿದರು. 1972ರಲ್ಲಿ ಇಟಲಿಯ ಮರಿಯಾರೋಸಾ ಡಲ್ಲಾ ಕೋಸ್ಟಾ ಮತ್ತು ಸೆಲ್ಮಾ ಜೇಮ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಕಾರ್ಖಾನೆಯ ಲಾಭ ಹುಟ್ಟುವುದೇ ಅಡುಗೆಮನೆಯಲ್ಲಿ, ಏಕೆಂದರೆ ಕಾರ್ಮಿಕನನ್ನು ದಿನಾ ತಯಾರು ಮಾಡಿ ಕಳಿಸುವವಳು ಅಲ್ಲಿದ್ದಾಳೆ. ಮನೆಗೆಲಸಕ್ಕೆ ಸಂಬಳ ಕೊಡಿ ಎಂಬ ಚಳವಳಿ ಹುಟ್ಟಿದ್ದು ಅಲ್ಲಿಂದ. ಸಿಲ್ವಿಯಾ ಫೆಡರಿಚಿ ಅದರ ಗಟ್ಟಿ ದನಿಗಳಲ್ಲಿ ಒಬ್ಬರು.

ಇದನ್ನೆಲ್ಲ ಓದುವಾಗ ನನಗೆ ಒಂದು ಕಡೆ ತೊಡಕಾಗುತ್ತಿತ್ತು. ಇವರ ಕಣ್ಣ ಮುಂದೆ ಇದ್ದದ್ದು ಬೆಳಿಗ್ಗೆ ಕಾರ್ಖಾನೆಗೆ ಹೋಗುವ ಗಂಡ, ಮನೆಯಲ್ಲಿ ಉಳಿಯುವ ಹೆಂಡತಿ. ಕೆಲಸ ಹೊರಗೆ, ಮನೆಗೆಲಸ ಒಳಗೆ. ನಡುವೆ ಒಂದು ಹೊಸಲು. ಹುಳ ಸಾಕುವ ಮನೆಯಲ್ಲಿ ಆ ಹೊಸಲನ್ನು ಎಲ್ಲಿ ಹುಡುಕುವುದು?

ಹನೂರಿನ ಹತ್ತಿರದ ಒಂದು ಊರಿನಲ್ಲಿ ನಮ್ಮ ದೊಡ್ಡವ್ವನ ಮನೆ. ಈಗಿನ ಹಾಗೆ ಬೇರೆ ಹುಳಮನೆ ಕಟ್ಟಿಸಿಕೊಳ್ಳುವ ಅನುಕೂಲ ಆಗ ಇರಲಿಲ್ಲ. ಹುಳ ನಡುಮನೆಯಲ್ಲಿ, ಜನ ಜಗಲಿಯ ಮೇಲೆ. ನೂರು ಮೊಟ್ಟೆ ತಂದೆವು ಎಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆ. ಹುಳದ ಲೆಕ್ಕದಲ್ಲಿ ನಲವತ್ತು ಸಾವಿರಕ್ಕೂ ಮೇಲೆ. ಚಾಕಿ ಹುಳಕ್ಕೆ, ಅಂದರೆ ಮರಿ ಹುಳಕ್ಕೆ, ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸಬೇಕು. ಗೂಡು ಕಟ್ಟುವ ಮೊದಲು ನಾಲ್ಕು ಸಲ ಹುಳ ಜ್ವರಕ್ಕೆ ಕೂರುತ್ತದೆ, ಅಂದರೆ ಪೊರೆ ಬಿಡುತ್ತದೆ. ತಲೆ ಎತ್ತಿ ಅಲುಗದೆ ಕೂತಾಗ ಸೊಪ್ಪು ಹಾಕುವಂತಿಲ್ಲ. ಎದ್ದ ಮೇಲೆ ತಡ ಮಾಡುವಂತಿಲ್ಲ. ಎಲ್ಲ ಎದ್ದಿವೆಯೋ ಅರ್ಧ ಎದ್ದಿವೆಯೋ ಎಂದು ದೊಡ್ಡವ್ವ ದೀಪ ಹಿಡಿದು ತಟ್ಟೆಯ ಮೇಲೆ ಬಗ್ಗಿ ನೋಡುತ್ತಿದ್ದರು. ಅವರು ‘ಇನ್ನೂ ಹೊತ್ತದೆ’ ಅಂದರೆ ಮನೆಯ ಗಂಡಸರೂ ಮರುಮಾತಾಡುತ್ತಿರಲಿಲ್ಲ. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದಲ್ಲೇ ಇಡೀ ಬೆಳೆಯ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಮೇಲೆ ಖರ್ಚು. ಆಮೇಲೆ ಹುಳ ಹಣ್ಣಾಗುತ್ತದೆ. ಮೈ ಹೊಳಪಾಗಿ, ಸೊಪ್ಪು ಬಿಟ್ಟು, ತಲೆ ಆಡಿಸುತ್ತ ಜಾಗ ಹುಡುಕುತ್ತದೆ. ಅಂಥದ್ದನ್ನು ಒಂದೊಂದಾಗಿ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲನ್ನೆಲ್ಲ ಸೊಪ್ಪಿನ ಮೇಲೆಯೇ ಬಿಟ್ಟು ಕೂರುತ್ತದೆ, ಆ ನೂಲು ಯಾರಿಗೂ ಸಿಕ್ಕಲಿಲ್ಲ.

ಹುಳ ಇರುವಷ್ಟು ದಿನ ಮನೆಯಲ್ಲಿ ಮೆಣಸಿನಕಾಯಿ ಹುರಿಯುವಂತಿಲ್ಲ, ಘಾಟು ಆಗದು. ಚಳಿಗಾಲದಲ್ಲಿ ಹುಳಕ್ಕೆ ಕಾವು ಬೇಕು. ಒಲೆಯ ಮೇಲೆ ಮುದ್ದೆಗೆ ಎಸರು, ಅದೇ ಒಲೆಯಿಂದ ತೆಗೆದ ಕೆಂಡ ನಡುಮನೆಗೆ. ಆ ಸೌದೆಯನ್ನು ತಲೆಯ ಮೇಲೆ ಹೊತ್ತು ತಂದ ದುಡಿಮೆಯನ್ನು ಯಾವ ಖಾತೆಗೆ ಬರೆಯುವುದು? ಅಡುಗೆಯ ಖಾತೆಗೋ, ರೇಷ್ಮೆಯ ಖಾತೆಗೋ? ಬೆನ್‌ಸ್ಟನ್ ಅವರನ್ನು ಕೇಳಿದರೆ ಅಡುಗೆಯ ಪಾಲು ಹೇಳುತ್ತಿದ್ದರು, ರೇಷ್ಮೆ ಇಲಾಖೆಯವರನ್ನು ಕೇಳಿದರೆ ರೇಷ್ಮೆಯ ಪಾಲು. ದೊಡ್ಡವ್ವನಿಗೆ ಅದು ಒಂದೇ ಸೌದೆಹೊರೆ. ಗೂಡಿನ ದರದಲ್ಲಿ ಸೊಪ್ಪಿನ ಬೆಲೆ ಇದೆ, ಮೊಟ್ಟೆಯ ಬೆಲೆ ಇದೆ, ಗೊಬ್ಬರ, ಸಾಗಣೆ ಎಲ್ಲ ಇದೆ. ಈ ಹೊರೆ ಮನೆಗೆಲಸದ ಸೆರಗಿನಲ್ಲಿ ಸೇರಿಕೊಂಡದ್ದರಿಂದ ಗೂಡು ಅಷ್ಟರ ಮಟ್ಟಿಗೆ ಅಗ್ಗವಾಗಿ ಮಾರುಕಟ್ಟೆಗೆ ಬರುತ್ತದೆ. ಅಗ್ಗವಾದ ಗೂಡಿನಿಂದ ನೂಲು, ನೂಲಿನಿಂದ ಸೀರೆ. ಲಾಭ ಮೇಲಕ್ಕೆ ಹೋಗುತ್ತ ಹೋಗುತ್ತ ಗಟ್ಟಿಯಾಗುತ್ತದೆ.

ಈ ಜಾಗಕ್ಕೆ ಹತ್ತಿರ ಬಂದವರು ಜರ್ಮನಿಯ ಸಮಾಜವಿಜ್ಞಾನಿ ಮರಿಯಾ ಮೀಸ್. ಅವರು ಆಂಧ್ರದ ಗೋದಾವರಿ ಸೀಮೆಯ ನರಸಾಪುರದಲ್ಲಿ ಲೇಸ್ ಹೆಣೆಯುವ ಹೆಂಗಸರ ನಡುವೆ ಕೆಲಸ ಮಾಡಿ 1982ರಲ್ಲಿ ಪುಸ್ತಕ ಬರೆದರು. ಹೆಂಗಸರು ಹೆಣೆದ ಲೇಸ್ ಹಡಗು ಹತ್ತಿ ವಿದೇಶಕ್ಕೆ ಹೋಗುತ್ತಿತ್ತು, ವ್ಯಾಪಾರ ಗಂಡಸರದು. ಹೆಣೆಯುವವಳು ಮಾತ್ರ ಎಲ್ಲರ ಲೆಕ್ಕದಲ್ಲೂ ಬಿಡುವಿನಲ್ಲಿ ಏನೋ ಕೈಗೆಲಸ ಮಾಡುವ ಗೃಹಿಣಿ. ಗೃಹಿಣಿ ಅಂದದ್ದರಿಂದಲೇ ಆ ಮಟ್ಟದ ಕೂಲಿ ಸಾಧ್ಯವಾಯಿತು ಎಂಬುದು ಮೀಸ್ ಅವರ ವಾದ. ನರಸಾಪುರದ ಬದಲು ಕೊಳ್ಳೇಗಾಲದ ಮಗ್ಗದ ಮನೆ ಹೊಕ್ಕರೂ ಹೆಚ್ಚು ತಿದ್ದಬೇಕಾಗಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತವನು ನೇಕಾರ. ಕಂಡಿಕೆ ಸುತ್ತುವವಳು, ಅಚ್ಚು ಕೆಚ್ಚಲು ಎಳೆಗೆ ಎಳೆ ಕೂಡಿಸಿಕೊಡುವವಳು ಹೆಂಡತಿ ಅಥವಾ ಮಗಳು. ಮಜೂರಿ ಸೀರೆಗೆ ಇಷ್ಟು ಎಂದು, ನೇಯ್ದವನ ಕೈಗೆ. ಹನ್ನೆರಡನೆಯ ಶತಮಾನದ ವಚನಕಾರ್ತಿ ಕದಿರೆ ರೆಮ್ಮವ್ವೆಯ ಹೆಸರಿನ ಮುಂದೆ ಅವಳ ನೂಲುವ ಕಾಯಕವಾದರೂ ನಿಂತಿದೆ. ಇವರಿಗೆ ಅದೂ ಇಲ್ಲ.

ಸರ್ಕಾರದ ಲೆಕ್ಕ ಹೇಗಿದೆ ನೋಡೋಣ. ಕೇಂದ್ರದ ಅಂಕಿಸಂಖ್ಯೆ ಇಲಾಖೆಯವರು ಉದ್ಯೋಗದ ಸಮೀಕ್ಷೆಗೆ ಮನೆಗೆ ಬಂದಾಗ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಹಾಕಿಕೊಳ್ಳುತ್ತಾರೆ. ಸ್ವಂತ ಕಸುಬಿನವರಿಗೆ 11. ಮನೆಯ ಉದ್ದಿಮೆಯಲ್ಲಿ ಸಂಬಳವಿಲ್ಲದೆ ನೆರವಾಗುವವರಿಗೆ 21. ಬರೀ ಮನೆಗೆಲಸ ಮಾಡುವವರಿಗೆ 92. ಮನೆಗೆಲಸದ ಜೊತೆಗೆ ಸೌದೆ, ಸೊಪ್ಪುಸದೆ, ಮೇವು ತರುವವರಿಗೆ 93. ಈ 92, 93 ಎರಡೂ ದುಡಿಯದವರ ಪಟ್ಟಿಯವು. ಹುಳ ಸಾಕುವವಳಿಗೆ ನಿಯಮದಂತೆ 21 ಬೀಳಬೇಕು. ಆದರೆ ಉತ್ತರ ಹೇಳುವವನು ಜಗಲಿಯ ಮೇಲೆ ಕೂತ ಯಜಮಾನ. ‘ಅವ್ಳೇನ್ ಮಾಡಾಳು, ಮನೆಲೇ ಅವ್ಳೆ’ ಅಂದರೆ ಮುಗಿಯಿತು, 92. ಬರೆಯುವವರು ಚುರುಕಾಗಿದ್ದು 21 ಹಾಕಿದರೂ ಅವಳು ಸಹಾಯಕಿ. ಜ್ವರ ಎದ್ದಿತೋ ಇಲ್ಲವೋ ಎಂದು ತೀರ್ಮಾನಿಸುವವಳು ಸಹಾಯಕಿ, ಸೊಪ್ಪಿನ ಹೊರೆ ತಂದು ಬಾಗಿಲಲ್ಲಿ ಇಳಿಸಿದವನು ಬೆಳೆಗಾರ!

ಈ ಲೆಕ್ಕದ ಸುಳ್ಳನ್ನು ಹಿಡಿದವರಲ್ಲಿ ನಮ್ಮ ಮೈಸೂರಿನಲ್ಲೇ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಮೊದಲಿಗರು. ಎಪ್ಪತ್ತರ ದಶಕದಲ್ಲಿ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಆರು ಹಳ್ಳಿಗಳಲ್ಲಿ, ಏನು ಕೆಲಸ ಎಂದು ಕೇಳುವ ಬದಲು ದಿನದ ಹೊತ್ತು ಹೇಗೆ ಕಳೆಯಿತು ಎಂದು ನೋಡಿ ಬರೆಸಿದರು. ಕೆಲಸವಿಲ್ಲದವರು ಅನ್ನಿಸಿಕೊಂಡವರ ದಿನ ದುಡಿಮೆಯಿಂದ ತುಂಬಿತ್ತು. ಅದೇ ದಾರಿಯಲ್ಲಿ ಕೇಂದ್ರ ಸರ್ಕಾರ 2024ರಲ್ಲಿ ದೇಶದಾದ್ಯಂತ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ. ತೊಡಗುವ ಗಂಡಸರು 88 ನಿಮಿಷ; ತೊಡಗದ ಗಂಡಸರು ಆ ಸರಾಸರಿಯಲ್ಲಿ ಸೇರಿಲ್ಲ ಎಂಬುದನ್ನು ನೆನಪಿಡಿ.

ಈ ದುಡಿಮೆಗೆ ಬೆಲೆ ಕಟ್ಟುವ ಒಂದು ಜಾಗ ನಮ್ಮಲ್ಲಿ ಇದೆ, ಅದು ಅಪಘಾತ ಪರಿಹಾರದ ಕೋರ್ಟು. 2001ರಲ್ಲಿ ಸುಪ್ರೀಂ ಕೋರ್ಟು, ಜಮ್‌ಷೆಡ್‌ಪುರದ ಬೆಂಕಿ ದುರಂತದ ಪ್ರಕರಣದಲ್ಲಿ, ಸತ್ತ ಗೃಹಿಣಿಯರ ಸೇವೆಗೆ ತಿಂಗಳಿಗೆ 3000 ರೂಪಾಯಿ ಎಂದು ಲೆಕ್ಕ ಹಿಡಿಯಿತು. 2021ರ ಇನ್ನೊಂದು ತೀರ್ಪು ಸಮಯ ಬಳಕೆಯ ಅಂಕಿಗಳನ್ನೇ ಮುಂದಿಟ್ಟು ಗೃಹಿಣಿಯ ದುಡಿಮೆಯನ್ನು ಎತ್ತಿ ಹೇಳಿತು. ಒಳ್ಳೆಯದೇ. ಸಾಯುವ ತನಕ ಕಾಯಬೇಕು ಎನ್ನುವುದೊಂದು ಬಿಟ್ಟರೆ.

ಬದುಕಿರುವಾಗಲೇ ಈ ದುಡಿಮೆ ಕಣ್ಣಿಗೆ ಬೀಳುವ ಸಂದರ್ಭ ಒಂದಿದೆ, ಅವಳು ಕೈ ತೆಗೆದಾಗ. ಹಲವು ಮನೆಗಳಲ್ಲಿ ಮುಟ್ಟಾದವರು ಹುಳದ ಹತ್ತಿರ ಸುಳಿಯುವಂತಿಲ್ಲ. ಆ ಕಟ್ಟಳೆಯನ್ನು ನಾನು ಒಪ್ಪುವವಳಲ್ಲ. ಆದರೂ ಆ ಮೂರು ದಿನ ಸೊಪ್ಪು ಹಾಕಿದ ಗಂಡಸು, ‘ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ’ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವುದನ್ನು ಕೇಳಿದ್ದೇನೆ. ಉಳಿದ ಇಪ್ಪತ್ತು ಚಿಲ್ಲರೆ ರಾತ್ರಿಗಳ ಬಗ್ಗೆ ಯಾರೂ ಊರಿಗೆ ಹೇಳಿದ್ದಿಲ್ಲ. ಐಸ್‌ಲ್ಯಾಂಡಿನ ಹೆಂಗಸರು ಇದನ್ನೇ 1975ರ ಅಕ್ಟೋಬರ್ 24ರಂದು ಬೇಕೆಂದೇ ಮಾಡಿದರು. ನೂರಕ್ಕೆ ತೊಂಬತ್ತು ಹೆಂಗಸರು ಆ ದಿನ ಕಚೇರಿ, ಕಾರ್ಖಾನೆ, ಅಡುಗೆಮನೆ ಎಲ್ಲ ಬಿಟ್ಟು ಬೀದಿಗೆ ಬಂದರು. ಗಂಡಸರು ಮಕ್ಕಳನ್ನು ಕಟ್ಟಿಕೊಂಡೇ ಕೆಲಸಕ್ಕೆ ಹೋದರಂತೆ; ರೇಡಿಯೊದಲ್ಲಿ ವಾರ್ತೆ ಓದುವವರ ಹಿಂದಿನಿಂದ ಮಕ್ಕಳ ಗಲಾಟೆ ಕೇಳಿಸುತ್ತಿತ್ತಂತೆ. ನಿಲಯದ ಗೆಳೆಯರು ಇದನ್ನು ಕೇಳಿ ಗಾಬರಿಯಾಗಬಾರದು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಮಾತಾಗುತ್ತದೆ. ದೊಡ್ಡವ್ವನದು ಜಮೀನಿದ್ದ ಮನೆ. ಆ ತೋಟದ ಸೊಪ್ಪು ಕೀಳಲು ಬೆಳಕು ಹರಿಯುವ ಮೊದಲೇ ಕೇರಿಯಿಂದ ಬರುತ್ತಿದ್ದ ಹೆಂಗಸರ ಮಾತೇ ಬೇರೆ. ಅವರಿಗೆ ಮನೆಯಲ್ಲಿ ಉಳಿಯುವ ಪ್ರಶ್ನೆ ಯಾವ ತಲೆಮಾರಿನಲ್ಲೂ ಬಂದಿರಲಿಲ್ಲ. ಬೇರೆಯವರ ಹುಳಕ್ಕೆ ಸೊಪ್ಪು ಕಿತ್ತು, ಬೇರೆಯವರ ಗದ್ದೆಯಲ್ಲಿ ಕಳೆ ತೆಗೆದು, ಕತ್ತಲಾದ ಮೇಲೆ ಸ್ವಂತ ಒಲೆ ಹೊತ್ತಿಸಬೇಕು. 1981ರಲ್ಲಿ ಅಮೆರಿಕದ ಏಂಜೆಲಾ ಡೇವಿಸ್ ಮನೆಗೆಲಸಕ್ಕೆ ಸಂಬಳ ಎಂಬ ಬೇಡಿಕೆಯನ್ನು ಟೀಕಿಸಿದ್ದು ಈ ಕಡೆಯಿಂದಲೇ: ಗುಲಾಮಗಿರಿಯ ಕಾಲದಿಂದಲೂ ಹೊರಗೆ ದುಡಿದ ಕಪ್ಪು ಹೆಂಗಸರಿಗೆ ಗೃಹಿಣಿ ಎಂಬ ಪದವಿಯೇ ದಕ್ಕಲಿಲ್ಲ, ಮನೆಗೆಲಸಕ್ಕೆ ಸಂಬಳ ಬಂದರೆ ಹೆಂಗಸು ಅದಕ್ಕೇ ಅಂಟಿಕೊಂಡಾಳು, ಆ ಕೆಲಸದ ಹೊರೆಯನ್ನೇ ಸಮಾಜ ಹಂಚಿಕೊಳ್ಳಬೇಕು. ನಮ್ಮ ಮೂರು ತಾಲ್ಲೂಕುಗಳ ಮಟ್ಟಿಗೆ ಫೆಡರಿಚಿಗಿಂತ ಡೇವಿಸ್ ಹೆಚ್ಚು ಹೊಂದುತ್ತಾರೆ ಎಂದು ನನಗೆ ತೋರುತ್ತದೆ. ಫಿಲೇಚರಿನ ಬೇಸಿನ್ನಿನ ಮುಂದೆ, ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆಯ ತುದಿ ಹುಡುಕುತ್ತಿದ್ದವರಿಗೂ ಸಂಬಳ ಇತ್ತು. ಮನೆಯ ಒಲೆ ಅದರಿಂದ ತಪ್ಪಲಿಲ್ಲ.

ಹೊರೆಯನ್ನು ಸಮಾಜ ಹಂಚಿಕೊಳ್ಳುವುದು ಎಂದರೆ ಹೇಗೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಹೊಳೆಯಾಚೆಯ ತಿರುಮಕೂಡಲು ನರಸೀಪುರದಲ್ಲಿ 1975ರಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ಶುರುವಾದವು. 2005ರ ಉದ್ಯೋಗ ಖಾತರಿ ಕಾಯಿದೆಯಲ್ಲಿ ಇನ್ನೂ ಸೊಗಸಾದ ಒಂದು ಮಾತಿತ್ತು: ಕೆಲಸದ ಜಾಗಕ್ಕೆ ಐದು ಅಥವಾ ಹೆಚ್ಚು ಪುಟ್ಟ ಮಕ್ಕಳು ಬಂದರೆ, ಒಬ್ಬ ಹೆಂಗಸನ್ನು ಅವರನ್ನು ನೋಡಿಕೊಳ್ಳಲು ಬಿಡಬೇಕು, ಅವಳಿಗೂ ಪೂರ್ತಿ ಕೂಲಿ ಕೊಡಬೇಕು. ಕೆರೆ ಹೂಳೆತ್ತುವುದೂ ಮಗು ಆಡಿಸುವುದೂ ಒಂದೇ ದರದ ಕೆಲಸ ಎಂದು ಕಾನೂನೇ ಒಪ್ಪಿದ್ದ ಜಾಗ ಅದು. ಎಷ್ಟು ಕಡೆ ಜಾರಿಯಾಯಿತು ಎಂದು ಹನೂರಿನ ಹೆಂಗಸರನ್ನು ಕೇಳಿ, ನಕ್ಕಾರು. ಅಂಗನವಾಡಿಯವರಿಗೂ ಆಶಾ ಕಾರ್ಯಕರ್ತೆಯರಿಗೂ ಕೊಡುವುದನ್ನು ಇವತ್ತಿಗೂ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಮಗು ನೋಡುವುದು ಹೆಂಗಸಿನ ಸ್ವಭಾವ, ಅದಕ್ಕೆ ಸಂಬಳವೇಕೆ ಎಂಬ ಹಳೆಯ ಯೋಚನೆ ಸರ್ಕಾರಿ ಆದೇಶದಲ್ಲಿ ಬಟ್ಟೆ ಬದಲಿಸಿ ಕೂತಿದೆ. ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಲ್ಲಬೇಕು ಎನ್ನಲು 2022ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು.

ಈಗ ಎಲ್ಲರ ಬಾಯಲ್ಲಿರುವ ಗೃಹಲಕ್ಷ್ಮಿಗೆ ಬರೋಣ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಯೋಜನೆ. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದಿರುವವರ ಖಾತೆಗೆ ತಿಂಗಳಿಗೆ 2000 ರೂಪಾಯಿ. ಇದು ಮನೆಗೆಲಸದ ಸಂಬಳವೇ? ನನ್ನ ಮಟ್ಟಿಗೆ ಅಲ್ಲ. ಸಂಬಳವಾದರೆ ಕೆಲಸಕ್ಕೆ ಬರಬೇಕು. ಇದು ಯಜಮಾನಿಕೆಗೆ ಬರುತ್ತದೆ. ಅತ್ತೆ ಯಜಮಾನಿ, ದುಡಿಯುವವಳು ಸೊಸೆ ಆದರೆ ದುಡ್ಡು ಅತ್ತೆಗೆ. ಕಂತು ತಡವಾದರೆ ಕೂಲಿ ಬಾಕಿ ಎಂದು ಕೇಳುವ ಹಕ್ಕಿಲ್ಲ, ಯಾವಾಗ ಹಾಕುತ್ತಾರೋ ಎಂದು ಕಾಯುವುದು. ಆದರೂ ಈ ಯೋಜನೆಯನ್ನು ಬಿಟ್ಟಿ ಭಾಗ್ಯ ಎಂದು ಹಂಗಿಸುವವರ ಜೊತೆ ನಾನಿಲ್ಲ. ದಿನಕ್ಕೆ 289 ನಿಮಿಷ ಬಿಟ್ಟಿಯಾಗಿ ಮಾಡಿಸಿಕೊಂಡವರು ಯಾರು ಎಂಬ ಲೆಕ್ಕ ಮೊದಲು ಆಗಲಿ.

ಅದೇ ವರ್ಷ ಜೂನ್ 11ಕ್ಕೆ ಬಂದ, ಹೆಂಗಸರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯ ಪರಿಣಾಮ ನಮ್ಮ ಕಡೆ ಇನ್ನೂ ಚೆನ್ನಾಗಿ ಕಂಡಿತು. ಅಮಾವಾಸ್ಯೆ ಬಂದರೆ ಮಲೆ ಮಹದೇಶ್ವರ ಬೆಟ್ಟದ ಬಸ್ಸಿನ ತುಂಬ ಹೆಂಗಸರು. ‘ಎಲ್ಲರೂ ಬೆಟ್ಟಕ್ಕೆ ಹೊರಟರೆ ಮನೆಲಿ ಕೆಲಸ ಮಾಡೋರ್ಯಾರು’ ಎಂದು ಹನೂರಿನ ಹೋಟೆಲುಗಳಲ್ಲಿ ಗಂಡಸರು ಗೊಣಗಿದ್ದನ್ನು ಸ್ತ್ರೀವಾದಕ್ಕೆ ಸಿಕ್ಕ ಒಳ್ಳೆಯ ಸಾಕ್ಷ್ಯ ಎಂದೇ ನಾನು ಎಣಿಸುತ್ತೇನೆ. ಹಾಗಾದರೆ ಮನೆಯಲ್ಲಿ ಕೆಲಸ ಇದೆ ಎಂದಾಯಿತು.

ಆ ಬೆಟ್ಟದ ಮಾದಪ್ಪನ ಕತೆಯಲ್ಲೇ ಸಂಕಮ್ಮನ ಸಾಲು ಬರುತ್ತದೆ, ಕಂಸಾಳೆಯವರ ಬಾಯಲ್ಲಿ ನೀವೆಲ್ಲ ಕೇಳಿದ್ದೀರಿ. ನೀಲೇಗೌಡ ಕಾಡಿಗೆ ಜೇನಿಗೆ ಹೊರಡುತ್ತಾನೆ; ಹೊರಡುವ ಮೊದಲು ಹೆಂಡತಿ ಬಲಗೈ ಭಾಷೆ ಕೊಡಬೇಕು ಎಂದು ಹಟ ಹಿಡಿಯುತ್ತಾನೆ. ಅವಳು ಕೊಡುವುದಿಲ್ಲ. ಹಿಂಸೆ ಮಾಡಿ, ಕೂಡಿಹಾಕಿ ಹೋಗುತ್ತಾನೆ. ಫೆಡರಿಚಿ 2004ರ ತಮ್ಮ ಪುಸ್ತಕದಲ್ಲಿ, ಯುರೋಪಿನಲ್ಲಿ ಬಂಡವಾಳ ಬೇರೂರುವಾಗ ಊರೊಟ್ಟಿನ ಜಮೀನಿಗೆ ಬೇಲಿ ಹಾಕಿದಂತೆ ಹೆಣ್ಣಿನ ಮೈಗೂ ಬೇಲಿ ಬಿತ್ತು, ಮಾಟಗಾತಿಯರೆಂದು ಸುಟ್ಟದ್ದು ಅದರ ಭಾಗ ಎಂದು ಬರೆದರು. ಬೇಲಿ ಹಾಕಲು ಬಂಡವಾಳವೇ ಬರಬೇಕಿರಲಿಲ್ಲ ಎಂದು ನೀಲೇಗೌಡ ತೋರಿಸುತ್ತಾನೆ. ಗಂಡಸಿನ ದುಡಿಮೆ ಹೊರಡಬೇಕಾದರೆ ಹೆಂಗಸು ಒಳಗೆ ಭದ್ರವಾಗಿರಬೇಕು ಎಂಬ ಕಟ್ಟು ಇಲ್ಲಿ ಮೊದಲೇ ಇತ್ತು. ಗೂಡಿನ ವ್ಯಾಪಾರ ಬಂದು ಅದನ್ನು ಬಾಡಿಗೆಯಿಲ್ಲದೆ ಬಳಸಿಕೊಂಡಿತು. ಸಂಕಮ್ಮ ಭಾಷೆ ಕೊಡಲಿಲ್ಲ ಎಂಬುದನ್ನೂ ಅದೇ ಹಾಡು ಹೇಳುತ್ತದೆ.

ಹೆಂಗಸಿನ ಹೆಸರಿಗೆ ಕಾಗದದಲ್ಲಿ ಜಾಗ ಕೊಟ್ಟ ಉದಾಹರಣೆಯೂ ಕಾಡಿನದೇ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಜೇನು, ನೆಲ್ಲಿ, ಪಾಚಿ ತಂದು ಲ್ಯಾಂಪ್ಸ್ ಸೊಸೈಟಿಗೆ ಹಾಕುತ್ತಾ ಬಂದವರು. 2011ರಲ್ಲಿ ಅವರ ಪೋಡುಗಳ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯಿದೆಯ ಕೆಳಗೆ ಸಮುದಾಯದ ಹಕ್ಕು ಸಿಕ್ಕಿತು. ಹುಲಿ ರಕ್ಷಿತಾರಣ್ಯದೊಳಗೆ ಅಂಥದ್ದು ದೇಶದಲ್ಲೇ ಮೊದಲು. ಆ ಕಾಯಿದೆಯಲ್ಲಿ ಒಂದು ಸಣ್ಣ ವಾಕ್ಯವಿದೆ: ಸಾಗುವಳಿಯ ಹಕ್ಕುಪತ್ರ ಮದುವೆಯಾದವರಿಗಾದರೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕು. ಕಾಡಿನೊಳಗೆ ಆಗುವುದು ಬಯಲಿನಲ್ಲಿ ಏಕಾಗಬಾರದು? ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, ದೇಶ 2005ರಲ್ಲಿ ಮಾಡಿತು. ಪಹಣಿಗಳು ಬಹುಪಾಲು ಅಲುಗಿಲ್ಲ. ಪಹಣಿ ಯಾರದೋ ರೇಷ್ಮೆಯ ಪಾಸ್ ಪುಸ್ತಕ ಅವರದು, ಗೂಡಿನ ಚೀಟಿ ಅವರದು. ಹಿಂದೆ ಗೂಡಿನ ದುಡ್ಡು ನೋಟಿನ ಕಟ್ಟಾಗಿ ಮನೆಗೆ ಬಂದಾಗ ದೇವರ ಮುಂದೆ ಇಡುತ್ತಿದ್ದರು, ಹೆಂಗಸರು ಕಣ್ಣಿನಿಂದಾದರೂ ನೋಡುತ್ತಿದ್ದರು. ಈಗ ಅದು ನೇರ ಬ್ಯಾಂಕಿಗೆ ಹೋಗುತ್ತದೆ, ಸಂದೇಶ ಬರುವುದು ಗಂಡನ ಮೊಬೈಲಿಗೆ.

ಪಹಣಿ ತಿದ್ದಿಸಲು ತಲೆಮಾರು ಬೇಕಾದೀತು. ಪಾಸ್ ಪುಸ್ತಕದಲ್ಲಿ ಎರಡನೇ ಹೆಸರಿಗೆ ಒಂದು ಗೆರೆ, ಗೂಡಿನ ದುಡ್ಡಿಗೆ ಗಂಡ ಹೆಂಡತಿಯ ಜಂಟಿ ಖಾತೆ, ಇದಕ್ಕೆ ಶಾಸನಸಭೆ ಸೇರಬೇಕಿಲ್ಲ. ರೇಷ್ಮೆ ಇಲಾಖೆಯ ಒಂದು ಸುತ್ತೋಲೆ ಸಾಕು. ಮೂರೂ ತಾಲ್ಲೂಕುಗಳಲ್ಲಿ ಹೆಂಗಸರ ಸಂಘಗಳು ವಾರವಾರ ಸೇರಿ ಸಾಲದ ಕಂತು ಕಟ್ಟುತ್ತಿವೆ. ಮುಂದಿನ ವಾರ ಕಂತು ಎಣಿಸಿದ ಮೇಲೆ ಈ ಎರಡು ಬೇಡಿಕೆಗಳನ್ನು ಬಿಳಿ ಹಾಳೆಯ ಮೇಲೆ ಬರೆದು, ಹುಳ ಸಾಕುವವರೂ ಸೊಪ್ಪು ಕೀಳುವವರೂ ಜೊತೆಯಾಗಿ ಸಹಿ ಹಾಕಿ, ತಾಲ್ಲೂಕಿನ ರೇಷ್ಮೆ ಕಚೇರಿಗೆ ಕೊಟ್ಟು ನೋಡಿ. ಸೊಪ್ಪು ಕೀಳುವವರು ತಮ್ಮ ಮೂರನೆಯ ಬೇಡಿಕೆಯನ್ನೂ, ದಿನದ ಕೂಲಿಯ ದರವನ್ನು, ಅದೇ ಹಾಳೆಯಲ್ಲಿ ಸೇರಿಸಬೇಕು ಎಂದಾರು. ಆ ಸಭೆಯಲ್ಲಿ ಜಗಳ ಆಗುತ್ತದೆ. ಆಗಲಿ.